ಬೀಬಿಯ ದ್ವೀಪದ ಮಳೆ

ಮೊನ್ನೆ ಗರಂ ಮಸಾಲೆ ಹುರಿಯೋಣವೆಂದು ಅಂಗಡಿಯಿಂದ ತಂದ ಲವಂಗದ ಪೊಟ್ಟಣ ಬಿಚ್ಚಿದೆ. ಲವಂಗಗಳು ಬಿಳಿಚಿಕೊಂಡು ಮೈಯೆಲ್ಲ ಸುಕ್ಕುಗಟ್ಟಿದ್ದವು. ಮೂಗಿಗೆ ಹಿಡಿದರೆ ಹಳೆಯ ಗೋಣಿಯ ವಾಸನೆ. ಒಣಗುವಾಗ ಮಳೆಗೆ ಸಿಕ್ಕಿದ ಮಾಲು ಎಂದು ನೋಡಿದ ಕೂಡಲೇ ಗೊತ್ತಾಯಿತು. ಮಂಗಳೂರಿನಲ್ಲಿ ಹುಟ್ಟಿ ಬೆಳೆದ ನನಗೆ ಈ ವಿದ್ಯೆ ಎಲ್ಲಿಂದ ಬರಬೇಕು! ಕಲಿಸಿದವರು ಒಮಾನಿನ ಮತ್ರಾದಲ್ಲಿ ನಮ್ಮ ಕೆಳಮನೆಯಲ್ಲಿದ್ದ ಬೀಬಿ. ಒಲೆ ಆರಿಸಿ ಅಲ್ಲೇ ಕುಳಿತುಬಿಟ್ಟೆ...

ಎಂಬತ್ತರ ದಶಕದ ನಡುವೆ ಮದುವೆಯಾಗಿ ಒಮಾನಿಗೆ ಹೋದವಳು ನಾನು. ಗಂಡನಿಗೆ ಮತ್ರಾ ಬಂದರಿನ ಹತ್ತಿರ ಆಫೀಸು. ಸೂಕಿನ, ಎಂದರೆ ಅಲ್ಲಿನ ಹಳೆ ಪೇಟೆಯ, ಹಿಂದಿನ ಓಣಿಯಲ್ಲಿ ಒಂದು ಹಳೆಯ ಮನೆಯ ಮಹಡಿ ನಮ್ಮದು, ಕೆಳಗೆ ಬೀಬಿ ಮತ್ತು ಅವರ ಮಗಳು. ಬೀಬಿ ಎಂದರೆ ಅವರ ಸ್ವಾಹಿಲಿ ಭಾಷೆಯಲ್ಲಿ ಅಜ್ಜಿ ಎಂದಂತೆ. ಓಣಿಗೆಲ್ಲ ಅವರು ಬೀಬಿಯೇ.

ಮೊದಲ ಭೇಟಿಯೇ ಜಗಳ. ತಾರಸಿಯ ಮೇಲೆ ಹಳೆ ಸೀರೆ ಹಾಸಿ ಅಕ್ಕಿ ಸಂಡಿಗೆ ಇಟ್ಟಿದ್ದೆ. ಮಧ್ಯಾಹ್ನ ಹೋಗಿ ನೋಡಿದರೆ ಸೀರೆಯೂ ಇಲ್ಲ, ಸಂಡಿಗೆಯೂ ಇಲ್ಲ. ಕೆಳಗೆ ಬೀಬಿಯ ಹಜಾರದಲ್ಲಿ ಎಲ್ಲವೂ ಗಂಟಾಗಿ ಬಿದ್ದಿತ್ತು. ಅರ್ಧ ಒಣಗಿದ ಸಂಡಿಗೆ ಒಂದಕ್ಕೊಂದು ಅಂಟಿ ಹಿಟ್ಟಿನ ಮುದ್ದೆಯಾಗಿತ್ತು. ಬೀಬಿ ಏದುಸಿರು ಬಿಡುತ್ತಾ ಕಿಟಕಿಯಿಂದ ಆಕಾಶ ತೋರಿಸಿದರು. ಗುಡ್ಡದ ತುದಿಯಲ್ಲಿ ಅಂಗೈಯಗಲದ ಒಂದು ಮೋಡ. ನನಗೆ ಸಿಟ್ಟು ನೆತ್ತಿಗೇರಿತು. ಸಂಜೆಯವರೆಗೂ ಒಂದು ಹನಿ ಬೀಳಲಿಲ್ಲ.

"ಎಂತ ಮಾರಾಯ್ತಿ, ಒಂದು ಸಂಡಿಗೆಗೆ ಇಷ್ಟು ಗಲಾಟೆಯಾ?" ಎಂದು ಗಂಡ ನಕ್ಕರು. "ಪಾಪ, ಅವರು ಜಾಂಜಿಬಾರಿನವರಂತೆ. ಅಲ್ಲಿ ದಿನಾ ಮಳೆ ಬರ್ತದೋ ಏನೋ."

ಮರುದಿನ ಬೀಬಿಯೇ ಮೇಲೆ ಬಂದರು, ಕೈಯಲ್ಲಿ ಲವಂಗ ಹಾಕಿ ಕುದಿಸಿದ ಚಹಾದ ಫ್ಲಾಸ್ಕು. ಅಲ್ಲಿಂದ ಶುರುವಾದ ಸಲಿಗೆ ಹನ್ನೆರಡು ಹದಿಮೂರು ವರ್ಷ ನಡೆಯಿತು. ಆಫ್ರಿಕಾದ ಪೂರ್ವ ಕರಾವಳಿಯಾಚೆಯ ಅವರ ದ್ವೀಪದಲ್ಲಿದ್ದ ಗುಜರಾತಿ ವ್ಯಾಪಾರಿಗಳಿಂದ ಕಲಿತ ಹಿಂದಿ ಅವರದು, ಬಾಂಬೆ ಸಿನಿಮಾಗಳಿಂದ ಕಲಿತದ್ದು ನನ್ನದು. ನಡುವೆ ಅರಬ್ಬಿ ಸೇರಿಸಿ ಹೇಗೋ ದಬ್ಬುತ್ತಿದ್ದೆವು. ಆ ಅರಬ್ಬಿಯೂ ಬೀಬಿಗೆ ಸರಿಯಾಗಿ ಬರುತ್ತಿರಲಿಲ್ಲ. ಅವರ ಅಜ್ಜಂದಿರು ಒಮಾನಿನವರೇ ಆದರೂ ಓಣಿಯ ಹೆಂಗಸರು ಅವರ ಮಾತು ಕೇಳಿ ಬಾಯಿಗೆ ಮುಸುಕು ಅಡ್ಡ ಹಿಡಿದು ನಗುತ್ತಿದ್ದರು.

ದ್ವೀಪದ ಸುದ್ದಿ ತೆಗೆದರೆ ಸಾಕು, ಬೀಬಿಗೆ ಹೊತ್ತು ಹೋದದ್ದೇ ಗೊತ್ತಾಗುತ್ತಿರಲಿಲ್ಲ. ಹವಳದ ಕಲ್ಲಿನ ಮೇಲೆ ಕೂತ ನೆಲ ಅದು. ಮನೆ ಕಟ್ಟುವುದೂ ಹವಳದ ಕಲ್ಲಿನಲ್ಲೇ. ವರ್ಷಕ್ಕೆ ಎರಡು ಮಳೆಗಾಲ, ಒಂದು ದೊಡ್ಡದು, ಒಂದು ಚಿಕ್ಕದು. ಗಾಳಿಯೂ ಎರಡು. ಒಂದು ಗಾಳಿ ಒಮಾನಿನ ಹಾಯಿ ಹಡಗುಗಳನ್ನು ಅಲ್ಲಿಗೆ ತರುತ್ತಿತ್ತು, ಆರು ತಿಂಗಳ ಮೇಲೆ ಇನ್ನೊಂದು ಅವನ್ನು ವಾಪಸು ಕಳಿಸುತ್ತಿತ್ತು. ಆ ಎರಡನೆಯ ಗಾಳಿಯೇ ಮುಂದೆ ಹೋಗಿ ನಮ್ಮ ಕರಾವಳಿಯ ಜೂನ್ ಮಳೆಯಾಗುತ್ತದೆ ಎಂದು ನನ್ನ ಗಂಡ ವಿವರಿಸಿದಾಗ ಬೀಬಿ ನನ್ನನ್ನೇ ದಿಟ್ಟಿಸಿ ನೋಡಿದರು.

"ನೋಡು, ನನ್ನ ಊರಿನ ಗಾಳಿ ನಿನ್ನ ಊರಿಗೆ ಹೋಗಿ ಮಳೆ ಸುರಿಸುತ್ತದೆ. ನನ್ನನ್ನು ಮಾತ್ರ ಈ ಕಾದ ಬಂಡೆಗಳ ನಡುವೆ ಬಿಟ್ಟಿದೆ."

ಒಮಾನಿನ ಸುಲ್ತಾನರೊಬ್ಬರು ಆ ಹಸಿರಿಗೆ ಮರುಳಾಗಿ ರಾಜಧಾನಿಯನ್ನೇ ಅಲ್ಲಿಗೆ ಎತ್ತಿಕೊಂಡು ಹೋಗಿ, ದ್ವೀಪದ ತುಂಬ ಲವಂಗದ ತೋಟ ಮಾಡಿಸಿದರಂತೆ. ಬೀಬಿಯ ಹಿರಿಯರೂ ಹಾಗೆ ಹೋಗಿ ತೋಟದ ಒಡೆಯರಾದರು. ಬೀಬಿಯ ಕಥೆಗಳಲ್ಲಿ ಆ ತೋಟದಲ್ಲಿ ಎಲ್ಲರೂ ನಗುತ್ತಾ ಲವಂಗ ಕೊಯ್ಯುತ್ತಿದ್ದರು. ಕೊಯ್ಯುವವರ ಅಜ್ಜಂದಿರನ್ನು ಆಫ್ರಿಕಾದ ಒಳನಾಡಿನಿಂದ ಹಿಡಿದು ಗುಲಾಮರಾಗಿ ತಂದದ್ದು ಎಂದು ನನಗೆ ಹೇಳಿದವಳು ಅವರ ಮಗಳು, ಅದೂ ತಾಯಿ ನಮಾಜಿಗೆ ಎದ್ದು ಹೋದಾಗ. ನಾನು ಬೀಬಿಯನ್ನು ಆ ಬಗ್ಗೆ ಕೇಳಲಿಲ್ಲ. ಕೇಳಿದ್ದರೂ ಅವರಿಗೆ ಅರ್ಥವಾಗುತ್ತಿತ್ತೆಂದು ನನಗೆ ಅನ್ನಿಸುವುದಿಲ್ಲ.

ಬ್ರಿಟಿಷರು ಬಿಟ್ಟುಹೋದ ಮೇಲೆ ಜಾಂಜಿಬಾರ್ ಒಂದು ಸ್ವತಂತ್ರ ದೇಶವಾಯಿತು. ತಿಂಗಳೊಂದು ಕಳೆಯುವಷ್ಟರಲ್ಲಿ ದಂಗೆಯೆದ್ದು ಅರಬರ ಆಳ್ವಿಕೆ ಮುಗಿಯಿತು. "ನಮ್ಮ ದೇಶ ತೊಟ್ಟಿಲಲ್ಲೇ ಸತ್ತಿತು," ಎನ್ನುತ್ತಿದ್ದರು ಬೀಬಿ.

ಅರವತ್ತನಾಲ್ಕರ ಆ ಜನವರಿಯಲ್ಲಿ ಅವರ ಮಗ ತೋಟದಲ್ಲಿದ್ದ. ಇನ್ನೂ ಮೀಸೆ ಚಿಗುರುತ್ತಿದ್ದ ಹುಡುಗ. ಕೊನೆಯ ಕೊಯ್ಲು ಅಂಗಳದಲ್ಲಿ ಚಾಪೆಗಳ ಮೇಲೆ ಒಣಗುತ್ತಿತ್ತು. ಅದು ಮಳೆಗಾಲವಲ್ಲ, ಆದರೂ ಮೋಡ ಕಟ್ಟಿತ್ತು. ಒಣಗುವ ಲವಂಗ ಒಂದು ಸಲ ನೆನೆದರೆ ವರ್ಷದ ದುಡಿಮೆ ಮಣ್ಣುಪಾಲು. ಪೇಟೆಯಲ್ಲಿ ಗಲಾಟೆಯಾಗಬಹುದೆಂಬ ಗುಸುಗುಸು ಹಬ್ಬಿದಾಗ ಲಾರಿ ಡ್ರೈವರ್ ಒಬ್ಬ ಬೀಬಿಯಿದ್ದ ಪೇಟೆಯ ಮನೆಗೆ ಬಂದು, ಹುಡುಗನನ್ನು ಕರೆತರಲೇ ಎಂದು ಕೇಳಿದನಂತೆ. ಗಲಾಟೆ ಇವತ್ತು ಬಂದು ನಾಳೆ ಹೋಗುತ್ತದೆ, ಲವಂಗ ಹೋದರೆ ಹೋಯಿತು ಎಂದುಕೊಂಡರು ಬೀಬಿ. ತೋಟದವರ ಲೆಕ್ಕಾಚಾರವೇ ಹಾಗೆ. "ಒಂದೊಂದು ಲವಂಗವೂ ಒಳಗಾಗದೆ ಬರಬೇಡ ಎಂದು ಹೇಳು," ಎಂದು ಹೇಳಿ ಕಳಿಸಿದರು.

ಅದೇ ರಾತ್ರಿ ಬಂದೂಕಿನ ಸದ್ದು ಕೇಳಿತು. ಬೀಬಿ ಚಿಕ್ಕ ಮಗಳನ್ನು ಎತ್ತಿಕೊಂಡು ನೆರೆಯವರ ಮನೆಯಲ್ಲಿ ಅಡಗಿ, ಆಮೇಲೆ ದೋಣಿಯಲ್ಲಿ ಆಚೆ ದಡದ ದಾರ್-ಎಸ್-ಸಲಾಮಿಗೆ ಪಾರಾದರು. ಕೆಲವು ವರ್ಷಗಳ ಮೇಲೆ ಒಮಾನ್ ತನ್ನವರನ್ನು ವಾಪಸು ಕರೆದಾಗ ಮತ್ರಾಕ್ಕೆ ಬಂದರು. ಮಗ ಬರಲಿಲ್ಲ...

ಆದರೆ ಬೀಬಿಗೆ ಒಂದು ನಂಬಿಕೆಯಿತ್ತು. "ಅವನು ಯಾವತ್ತು ನನ್ನ ಮಾತು ಕೇಳಿದ್ದಾನೆ ಹೇಳು!" ಎಂದು ನನ್ನ ತೊಡೆ ತಟ್ಟಿ ಹೇಳುತ್ತಿದ್ದರು. ಮರ ಹತ್ತಬೇಡ ಎಂದರೆ ತುದಿಗೇ ಹತ್ತುವವ. ಮದರಸಕ್ಕೆ ಹೋಗು ಎಂದರೆ ಸಮುದ್ರಕ್ಕೆ ಹಾರುವವ. ಸದ್ದು ಕೇಳಿದ ಕೂಡಲೇ ಲವಂಗವನ್ನೂ ಅಮ್ಮನನ್ನೂ ಬಿಟ್ಟು ಓಡಿರುತ್ತಾನೆ, ಯಾವುದೋ ಮೀನಿನ ದೋಣಿ ಹತ್ತಿರುತ್ತಾನೆ, ಮೊಂಬಾಸಾದಲ್ಲೋ ಮಡಗಾಸ್ಕರಿನಲ್ಲೋ ಹೆಂಡತಿ ಮಕ್ಕಳೊಂದಿಗೆ ಇರುತ್ತಾನೆ. "ಕತ್ತೆ. ಅಮ್ಮನ ನೆನಪೂ ಮಾಡುವುದಿಲ್ಲ," ಎಂದು ಬೈಯುವಾಗ ಅವರ ಮುಖ ಅರಳುತ್ತಿತ್ತು. ನಾನೂ ಜೊತೆ ಸೇರಿ ಬೈಯುತ್ತಿದ್ದೆ. ನನ್ನ ಮಗ ಹಟ ಮಾಡಿದರೆ ಬೀಬಿ ನನಗೆ ಹೊಡೆಯಲು ಬಿಡುತ್ತಿರಲಿಲ್ಲ. ಹಟಮಾರಿ ಮಕ್ಕಳು ಬದುಕಿಕೊಳ್ಳುತ್ತವೆ ಎನ್ನುವುದು ಅವರ ವಾದ.

ಮತ್ರಾದಲ್ಲಿ ಅಪರೂಪಕ್ಕೆ ಮಳೆ ಬಂದರೆ ನಾವು ಕರಾವಳಿಯವರು ಹುಚ್ಚು ಹಿಡಿದಂತೆ ತಾರಸಿಗೆ ಓಡಿ ನೆನೆಯುತ್ತಿದ್ದೆವು. ಬೀಬಿ ಮಾತ್ರ ಅದೇ ತಾರಸಿಯಿಂದ ಬಟ್ಟೆ, ಚಾಪೆ, ಮೆಣಸಿನಕಾಯಿ, ಕೈಗೆ ಸಿಕ್ಕಿದ್ದನ್ನೆಲ್ಲ ಬಾಚಿ ಒಳಗೆ ಸಾಗಿಸುತ್ತಿದ್ದರು. "ಯಲ್ಲಾ, ಯಲ್ಲಾ!" ಬೇಗ ಬೇಗ ಎಂದು ಕೂಗುತ್ತಿದ್ದರು, ನಮಗಲ್ಲ, ಅಲ್ಲಿಲ್ಲದ ಯಾರಿಗೋ.

ತೊಂಬತ್ತರ ದಶಕದಲ್ಲಿ ಜಾಂಜಿಬಾರಿಗೆ ಹೋಗಿಬರುವುದು ಸುಲಭವಾಯಿತು. ಬೀಬಿ ಮಗಳೊಂದಿಗೆ ಹೊರಟರು. ಮೊಣಕಾಲು ನೋವು, ರಕ್ತದೊತ್ತಡ ಯಾವುದನ್ನೂ ಲೆಕ್ಕಿಸಲಿಲ್ಲ. ಅಲ್ಲಿ ಯಾರಾದರೂ ಅವನು ದೋಣಿ ಹತ್ತಿದ್ದನ್ನು ನೋಡಿರುತ್ತಾರೆ ಎಂದರು.

ವಾಪಸು ಬಂದ ದಿನ ಅವರು ಮೇಲೆ ಬರಲಿಲ್ಲ. ನಾನೇ ಇಳಿದು ಹೋದೆ. ಗೋಡೆಗೆ ಒರಗಿ ಕುಳಿತಿದ್ದರು. ಮಗಳು ಚಹಾ ತಂದಿಟ್ಟಳು, ಯಾರೂ ಕುಡಿಯಲಿಲ್ಲ.

ತೋಟವನ್ನು ತುಂಡು ತುಂಡು ಮಾಡಿ ಹಂಚಿದ್ದರಂತೆ. ಮನೆಯಲ್ಲಿ ಐದಾರು ಸಂಸಾರಗಳಿದ್ದವು. ಅಂಗಳದಲ್ಲಿ ಯಾರದೋ ಲವಂಗ ಒಣಗುತ್ತಿತ್ತು. ಹಿಂದೆ ಅದೇ ತೋಟದಲ್ಲಿ ಕೊಯ್ಲು ಮಾಡುತ್ತಿದ್ದ ಒಬ್ಬ ಮುದುಕ ಬೀಬಿಯ ಗುರುತು ಹಿಡಿದನಂತೆ. ಹುಡುಗನ ನೆನಪು ಚೆನ್ನಾಗಿದೆ ಎಂದನಂತೆ. ಉಳಿದ ಆಳುಗಳೆಲ್ಲ ಪೇಟೆಯ ಕಡೆ ಓಡಿಹೋಗಿದ್ದರೂ ಹುಡುಗ ತಾನೇ ಮಳೆ ಬೀಳುವ ಮೊದಲು ಚಾಪೆಗಳನ್ನೆಲ್ಲ ಮಡಚಿ, ಲವಂಗವನ್ನು ಗೋಣಿಗೆ ತುಂಬಿ, ಕೋಣೆಗೆ ಬೀಗ ಹಾಕಿದನಂತೆ. ಆಮೇಲೆ, ಎಲ್ಲ ಒಳಗಾಯಿತೆಂದು ಅಮ್ಮನಿಗೆ ಹೇಳಿ ಬರುತ್ತೇನೆ ಎಂದು ಮುದುಕನಿಗೆ ತಿಳಿಸಿ ಪೇಟೆಯ ದಾರಿ ಹಿಡಿದು ನಡೆದನಂತೆ. ಆ ದಾರಿಯಲ್ಲಿ ಆ ದಿನ ಹೋದ ಅರಬರಲ್ಲಿ ಒಬ್ಬರೂ ಪೇಟೆ ತಲುಪಲಿಲ್ಲ.

"ಒಂದೊಂದು ಲವಂಗವೂ ಒಳಗಿತ್ತಂತೆ," ಎಂದರು ಬೀಬಿ. "ಖಲಾಸ್."

ಆಮೇಲೆ ಅವರು ದ್ವೀಪದ ಹೆಸರೆತ್ತಲಿಲ್ಲ. ಮಳೆ ಬಂದರೂ ಜಾಗ ಬಿಟ್ಟು ಏಳುತ್ತಿರಲಿಲ್ಲ. ನನ್ನ ಮೆಣಸಿನಕಾಯಿ ಎರಡು ಸಲ ನೆನೆದು ಹಾಳಾಯಿತು. ಬೀಬಿ ಒಮ್ಮೆ ಬಂದು, ಅಂದಿನ ಸಂಡಿಗೆಯಂತೆ, ಬಾಚಿ ಹಾಳು ಮಾಡಿಹೋಗಬಾರದೇ ಎಂದು ನಾನು ಅತ್ತೆ.

ನಾವು ಊರಿಗೆ ಮರಳಿದ ಮರುವರ್ಷ ಅವರ ಮಗಳು ಫೋನು ಮಾಡಿದಳು. ಬೀಬಿ ತೀರಿಹೋಗಿದ್ದರು. ಕೊನೆಗೆ ಏನಾದರೂ ಹೇಳಿದರೇ ಎಂದು ಕೇಳಿದೆ.

"ಅಣ್ಣನನ್ನು ಬೈದಳು," ಎಂದಳು ಮಗಳು. "ನನ್ನ ಮಾತು ಯಾಕೆ ಕೇಳಿದೆ, ಯಾಕೆ ಕೇಳಿದೆ ಎಂದು ಎರಡು ದಿನ ಬೈದಳು."

ಆ ಮಗಳ ನಂಬರೂ ಈಗ ಚಾಲ್ತಿಯಲ್ಲಿಲ್ಲ. ನನ್ನ ಗಂಡನಿಗೆ ಮತ್ರಾದ ದಿನಗಳೇ ಮರೆತಿವೆ. ತಾಯಿಯ ಮಾತು ಮೀರದ ಆ ಹುಡುಗನನ್ನು ಬೈಯುವುದಕ್ಕೂ ಈ ಭೂಮಿಯ ಮೇಲೆ ಯಾರೂ ಉಳಿದಿಲ್ಲ.