ಹಬ್ಬದ ಮರುದಿನದ ರಕ್ತ

ರಾಮಾಪುರದ ಆಸ್ಪತ್ರೆಯಲ್ಲಿ ಸೋಮಮ್ಮ ಹನ್ನೆರಡು ವರ್ಷದಿಂದ ಆಯಾ ಆಗಿದ್ದಳು. ಊರಿನ ಯಾವ ಮನೆಯಲ್ಲಿ ಯಾವ ದಿನ ಏನು ಬೇಯುತ್ತದೆ ಎಂಬುದೂ ಅವಳಿಗೆ ಗೊತ್ತಿತ್ತು.

೧೯೭೨ರ ಬೇಸಿಗೆಯಲ್ಲಿ ಮೈಸೂರಿನಿಂದ ಒಬ್ಬ ಡಾಕ್ಟರು ಬಂದರು. ಯಾವ ಜನಾಂಗದವರ ರಕ್ತದಲ್ಲಿ ಯೂರಿಕ್ ಆಮ್ಲ ಎಷ್ಟಿದೆ ಎಂದು ಅವರು ನೋಡಬೇಕಿತ್ತು. ಅದು ಹೆಚ್ಚಾದರೆ ಕೀಲು ಊದಿಕೊಂಡು ನೋಯುತ್ತದೆಯಂತೆ. ಸೂಜಿಗೆ ಹೆದರಿದವರ ಮುಂದೆ ಸೋಮಮ್ಮನೇ ಮೊದಲು ತೋಳು ಚಾಚಿದಳು. ಅವಳನ್ನು ನೋಡಿ ಅವಳ ಜನಾಂಗದ ನಲವತ್ತು ಜನ ರಕ್ತ ಕೊಟ್ಟರು.

ತಿಂಗಳ ಮೇಲೆ ಡಾಕ್ಟರು ಮತ್ತೆ ಬಂದು, "ಮಧುವನಹಳ್ಳಿಯಲ್ಲೂ ರಕ್ತ ತೆಗೆದು ನೋಡಿದೆ. ಅಲ್ಲಿಯ ಶೈವರಿಗಿಂತ ನಿಮ್ಮ ಜನಕ್ಕೆ ಇದು ಜಾಸ್ತಿ. ಹುಟ್ಟಿನಿಂದಲೇ ಬಂದದ್ದಿರಬೇಕು" ಎಂದರು.

ಸೋಮಮ್ಮ ಒಪ್ಪಲಿಲ್ಲ. "ಇಲ್ಲ ಸಾ. ನೀವು ಬಂದುದ್ದು ಮಾರಿಅಬ್ಬದ ಮಾರ್ನೆ ದಿನ. ಊರೆಲ್ಲ ಬಾಡು ತಿಂದು ಎಂಡ ಕುಡ್ದಿತ್ತು. ಆ ಶೈವ್ರು ಬಾಡೇ ಮುಟ್ದಿರೋ ಜನ. ನಾವು ಸೊಪ್ಪು ಮುದ್ದೆ ಉಣ್ಣೋ ದಿನ್ದಲ್ಲಿ ಬಂದು ನೋಡಿ."

ಡಾಕ್ಟರು ತಮ್ಮ ಪುಸ್ತಕ ತೆರೆದು ರಕ್ತ ತೆಗೆದ ದಿನಾಂಕ ನೋಡಿದರು. "ಬಾಡು, ಹೆಂಡ ಎರಡೂ ಯೂರಿಕ್ ಆಮ್ಲ ಏರಿಸುತ್ತವೆ. ಇದನ್ನು ನಾನೇ ಕೇಳಬೇಕಿತ್ತು ಕಣಮ್ಮ" ಎಂದರು.

ಕಳೆ ಕೀಳುವ ಕಾಲಕ್ಕೆ ಅವರು ಬಂದಾಗ ಸೋಮಮ್ಮ ಮನೆಮನೆಗೆ ಹೋಗಿ ಅದೇ ನಲವತ್ತು ಜನರನ್ನು ಕರೆತಂದಳು. ಈ ಸಲ ವ್ಯತ್ಯಾಸ ಬಹುಪಾಲು ಕರಗಿಹೋಗಿತ್ತು. ಉಳಿದ ಚೂರು ಏಕೆಂದು ತಮಗೂ ತಿಳಿಯದು ಎಂದು ಡಾಕ್ಟರು ಒಪ್ಪಿಕೊಂಡರು. ವರದಿಯಲ್ಲಿ ಅವಳ ಹೆಸರನ್ನೂ ಅಚ್ಚು ಹಾಕಿಸಿ ಕಳುಹಿಸಿದರು.

ಆ ಪುಟ ಹಿಡಿದು ಸೋಮಮ್ಮ ಊರಿನ ಜಗುಲಿ ಜಗುಲಿಗೂ ಹೋದಳು. "ನಮ್ಮ ರಕ್ತಕ್ಕೆ ಏನೂ ಆಗಿಲ್ಲ ಕಣ್ರವ್ವಾ. ನಾನೇ ಏಳ್ದೆ, ಡಾಕ್ಟ್ರು ಕೇಳುದ್ರು!"