ಮುಂದಿನ ಸಾಲಿನ ಕುರ್ಚಿ

ಅಕ್ಕನ ತುರುಬಿನಲ್ಲಿ ಹೂವಿಗಿಂತ ಪೆನ್ಸಿಲ್ ಇದ್ದದ್ದೇ ಹೆಚ್ಚು. ಕಾಲೇಜಿನ ಪಾಠ ಮುಗಿಸಿ ಕಾಚಿಗೂಡದ ನನ್ನ ಹೊಲಿಗೆ ಅಂಗಡಿಗೆ ಬಂದು, ಬಟ್ಟೆ ಕತ್ತರಿಸುವ ಮೇಜಿನ ಮೂಲೆಯಲ್ಲಿ ಕುಳಿತು ಇಂಗ್ಲಿಷ್ ಕಾದಂಬರಿ ಓದುತ್ತಿದ್ದಳು. ನಮ್ಮ ದೇಶದವರೇ ಬರೆದವು. ಓದುತ್ತ ಓದುತ್ತ ಥಟ್ಟನೆ ಪೆನ್ಸಿಲ್ ಎಳೆದು ಒಂದು ಸಾಲು ಹೊಡೆದು ಹಾಕುವಳು. ತುರುಬು ಬಿಚ್ಚಿ ಬೆನ್ನ ಮೇಲೆ ಬೀಳುತ್ತಿತ್ತು.

“ರೊಟ್ಟಿ ಅಂದ್ರೇನಂತ ಎರಡು ಸಾಲು ಬರದಾನ ನೋಡು. ನಿನಗ ಗೊತ್ತಿಲ್ಲೇನು? ಯಾರಿಗೆ ಹೇಳಾಕತ್ತಾನ ಇಂವ?”

ಆಕೆ ಕಲಿಸುತ್ತಿದ್ದುದು ವಸಾಹತೋತ್ತರ ಸಾಹಿತ್ಯ ಸಿದ್ಧಾಂತ. ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟವನು. ನನಗೆ ತಿಳಿದದ್ದು ಇಷ್ಟೇ: ಆಳಿದವರು ಎದ್ದು ಹೋದರೂ, ಬರೆಯುವವರ ಮನಸ್ಸಿನಲ್ಲಿ ಅವರ ಕುರ್ಚಿ ಇನ್ನೂ ಮುಂದಿನ ಸಾಲಿನಲ್ಲೇ ಇದೆ. ಅವರಿಗೆ ತಿಳಿಯಲೆಂದು ನಮ್ಮವರು ನಮ್ಮ ಮನೆಯನ್ನೇ ವಿವರಿಸುತ್ತ ಕೂತಿದ್ದಾರೆ.

ಆ ಪಾಠ ಕೇಳಿದ ಹುಡುಗಿಯೊಬ್ಬಳು ಇಂಗ್ಲಿಷಿನಲ್ಲಿ ಕಾದಂಬರಿ ಬರೆದಳು. ತಾಯಿ ಆಡುವ ಮನೆಮಾತುಗಳನ್ನು ಇದ್ದ ಹಾಗೇ ಬಿಟ್ಟಿದ್ದಳು, ಎಲ್ಲೂ ಅರ್ಥ ಕೊಟ್ಟಿರಲಿಲ್ಲ. ಅಕ್ಕ ಪೆನ್ಸಿಲ್ ಮುಟ್ಟದೆ ಓದಿ ಮುಗಿಸಿದ ಪುಸ್ತಕ ಅದೊಂದೇ. ಅಬಿಡ್ಸಿನ ಸಭಾಂಗಣವೊಂದರಲ್ಲಿ ಅದರ ಬಿಡುಗಡೆ ಇತ್ತು. ಮುಂದಿನ ಸಾಲಿನಲ್ಲಿ ನೀನೇ ಕೂಡಬೇಕೆಂದು ಜಬರ್ದಸ್ತಿಯಿಂದ ನನ್ನನ್ನು ಕರೆದೊಯ್ದಳು.

ಚಹಾದ ಹೊತ್ತಿಗೆ ಒಬ್ಬ ಪ್ರೊಫೆಸರರು ನಾನು ಯಾರೆಂದು ಇಂಗ್ಲಿಷಿನಲ್ಲಿ ಕೇಳಿದರು. ನನ್ನ ಅಂಗಿಯ ಮೇಲೆ ದಾರದ ಎಳೆ ಅಂಟಿತ್ತು. ಅಕ್ಕನ ಮರ್ಯಾದೆ ಕಾಯುವವನಂತೆ, ಮೇಡಮ್ಮರ ಟೇಲರ್, ಬ್ಲೌಸ್ ಕೊಡಲು ಬಂದೆ ಎಂದು ಹಿಂದಿಯಲ್ಲಿ ಹೇಳಿಬಿಟ್ಟೆ. ಅಕ್ಕ ನನ್ನ ಹಿಂದೆಯೇ ನಿಂತಿದ್ದಳು.

ಆಟೋ ಹತ್ತಿ ಮನೆಗೆ ಹೊರಟೆವು. ಆಮೇಲೆ ನನ್ನ ಅಂಗಿಯ ದಾರ ತೆಗೆಯುತ್ತ, “ಆಕಿ ತಮ್ಮ ಅಂದಿದ್ರ ಸಾಕಾಗತಿತ್ತು. ಆ ಕುರ್ಚಿ ನಿನ್ನೊಳಗೂ ಐತಲ್ಲೋ,” ಎಂದಳು.

ಮರುದಿನ ಎಂದಿನಂತೆ ಅಂಗಡಿಗೆ ಬಂದಳು. ತಪ್ಪಾಯಿತು ಎನ್ನಬೇಕೆಂದುಕೊಂಡೆ. ಮಷಿನ್ ತುಳಿಯುತ್ತಲೇ ಇದ್ದೆ. ಹಾಗೇ ವರ್ಷಗಳು ಹೋದವು, ಕಳೆದ ಚಳಿಗಾಲದಲ್ಲಿ ಅಕ್ಕನೂ ಹೋದಳು.

ಕಾಲೇಜಿನ ಸಂತಾಪ ಸಭೆಯಲ್ಲಿ ನನ್ನನ್ನು ಮಾತಾಡಲು ಕರೆದರು. ಸಭೆಗೆ ತಿಳಿಯಲೆಂದು ತೆಲುಗಿನಲ್ಲಿ ಶುರುಮಾಡಲು ಬಾಯಿ ತೆರೆದವನು ತಡೆದು, ನಮ್ಮ ಮನೆಮಾತಿನಲ್ಲೇ ಹೇಳಿದೆ.

“ನಾ ಆಕಿ ತಮ್ಮ ಅದೀನ್ರಿ. ಅಂಗಿ ಹೊಲೀತೀನಿ.”

ಯಾರೂ ಅರ್ಥ ಕೇಳಲಿಲ್ಲ. ಕೇಳಿಸಿಕೊಳ್ಳಬೇಕಾದವಳು ಮಾತ್ರ ತುರುಬಿನಲ್ಲಿ ಪೆನ್ಸಿಲ್ ಸಿಕ್ಕಿಸಿಕೊಂಡು ಫೋಟೋದಲ್ಲಿದ್ದಳು.