ಏಂಜೆಲ್ ಮೀನಿನ ಗಂಟು

ಡೊಂಬಿವಲಿಯ ಹೋಟೆಲಿನಲ್ಲಿ ನಾನು ಕೂರುತ್ತಿದ್ದ ಕೌಂಟರಿನ ಪಕ್ಕ ಮೀನಿನ ಟ್ಯಾಂಕ್ ಇತ್ತು. ಅದನ್ನು ತೊಳೆಯಲು ವಿಠ್ಠಲವಾಡಿಯಿಂದ ಪ್ರತಿ ಸೋಮವಾರ ಒಬ್ಬರು ಬರುತ್ತಿದ್ದರು, ನಮ್ಮ ಊರಿನ ಕಡೆಯವರೇ. ಕನ್ನಡಕವನ್ನು ಹಣೆಗೇರಿಸಿ, ಗಾಜಿಗೆ ಮೂಗು ತಾಗುವಷ್ಟು ಬಗ್ಗಿ, ಮೊದಲು ಸುಮ್ಮನೆ ನೋಡುತ್ತಿದ್ದರು. ಏನು ಕೇಳಿದರೂ ಒಂದೇ ಮಾತು: "ಅವಸರ ಬೇಡ, ನೋಡುವ."

ಒಮ್ಮೆ ಏಂಜೆಲ್ ಮೀನಿನ ರೆಕ್ಕೆಯ ಮೇಲೆ ಬಿಳಿ ಗಂಟು ಎದ್ದಿತು.

"ಗಿರಾಕಿಗಳು ಕಂಡ್ರೆ ಎಂತ ಎಣಿಸ್ತಾರೆ? ಬಿಸಾಡಿ ಮಾರಾಯ್ರೆ," ಎಂದರು ಹೋಟೆಲಿನ ಯಜಮಾನರು.

"ಉಪ್ಪಿನ ಹರಳಿನ ಹಾಗೆ ಮೈತುಂಬ ಇದ್ರೆ ಅದು ಬೇರೆ ಸೀಕು, ಸೇಟ್ರೆ. ಇದು ಹೂಕೋಸಿನ ಹಾಗಿನ ಗಂಟು, ವೈರಸ್. ಮದ್ದಿಲ್ಲ, ಕೆರೆಯಲೂಬಾರದು. ನೀರು ಚೊಕ್ಕ ಇದ್ರೆ ಹೆಚ್ಚಾಗಿ ತಾನೇ ಹೋಗ್ತದೆ. ನೋಡುವ."

ಆಮೇಲೆ ಅವರ ಕಣ್ಣು ಮೇಲೆ ಹೋಯಿತು. ಟ್ಯಾಂಕಿನ ಮೇಲಿದ್ದ ದೇವರ ಪಟಕ್ಕೆ ಯಜಮಾನರು ಮೂರು ಹೊತ್ತೂ ಊದುಬತ್ತಿ ಹಚ್ಚುತ್ತಿದ್ದರು. ಪಕ್ಕದ ಗಾಳಿಪಂಪು ಆ ಹೊಗೆಯನ್ನೇ ಎಳೆದು ನೀರಿಗೆ ಬಿಡುತ್ತಿತ್ತು. ನಾವ್ಯಾರೂ ಗಮನಿಸಿರಲಿಲ್ಲ.

"ದೇವರು ಅಲ್ಲೇ ಇರ್ಲಿ, ಪಂಪು ಈಚೆ ಬರ್ಲಿ," ಎಂದು ಅದನ್ನು ಕಿಟಕಿಯ ಬಳಿ ಇಟ್ಟರು.

ಎರಡು ತಿಂಗಳಲ್ಲಿ ಗಂಟು ಮಾಯವಾಯಿತು. ಯಜಮಾನರು ಖುಷಿಯಲ್ಲಿ ಎರಡು ಊದುಬತ್ತಿ ಹೆಚ್ಚಿಗೆ ಹಚ್ಚಿ ಪಟಕ್ಕೆ ಕೈಮುಗಿದರು. ಟ್ಯಾಂಕ್ ತೊಳೆಯುವವರೂ ಭಕ್ತಿಯಿಂದ ಕೈಮುಗಿದರು. ಮುಗಿದ ಕೈ ಬಿಡಿಸುವ ಮೊದಲೇ ಕಿಟಕಿಯತ್ತ ತಿರುಗಿ, ಪಂಪು ಅಲ್ಲೇ ಇದೆಯೇ ಎಂದು ನೋಡಿದರು.